ಹೆರ್ಟಾ ಸ್ಪ್ರೋಗೆಯ ಮದುಮಗ

ಹೆರ್ಟಾ ಸ್ಪ್ರೋಗೆಯ ಎಪ್ಪತ್ತೈದನೇ ಹುಟ್ಟುಹಬ್ಬದ ಬೆಳಿಗ್ಗೆ ಅವಳ 'ಮದುಮಗ' ಮ್ಯೂಸಿಯಂನ ನೆಲದ ಮೇಲೆ ನೂರು ಚೂರಾಗಿ ಬಿದ್ದಿದ್ದ.

ಅದನ್ನು ಮೊದಲು ಕಂಡವಳು ಮ್ಯೂಸಿಯಂ ನೋಡಿಕೊಳ್ಳುವ ಡಾಗ್ನಿಯಾ. ಅವಳು ಅಳುತ್ತ ಓಡಿದ್ದು ಪೊಲೀಸ್ ಠಾಣೆಗಲ್ಲ, ಒತೀಲಿಯಾ ಗ್ರೀಸ್ಲೆಯ ಮನೆಗೆ. ಮೂವತ್ತೊಂಬತ್ತು ವರ್ಷ ರೈಲು ನಿಲ್ದಾಣದ ಕಿಂಡಿಯ ಹಿಂದೆ ಕೂತು ಟಿಕೆಟ್ ಕೊಟ್ಟ ಒತೀಲಿಯಾಗೆ, ಗೌಯಾ ನದಿ ದಂಡೆಯ ಆ ಊರಿನಲ್ಲಿ ಯಾರು ಯಾರ ಜೊತೆ ಹೋದರು, ಯಾರು ಒಂಟಿಯಾಗಿ ವಾಪಸು ಬಂದರು ಎಂಬುದೆಲ್ಲ ಬಾಯಿಪಾಠ. ನಿವೃತ್ತಿಯಾದ ಮೇಲೆ ಕಳೆದುಹೋದ ಕೋಳಿಯಿಂದ ಹಿಡಿದು ಕಳೆದುಹೋದ ಗಂಡನವರೆಗೆ ಎಲ್ಲವನ್ನೂ ಹುಡುಕಿಕೊಡುವ ಕೆಲಸ ತಾನಾಗಿಯೇ ಅವಳ ಹೆಗಲೇರಿತ್ತು. ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಇಂಡುಲಿಸ್ ಅವಳ ಹಿಂದೆಯೇ ಹೋಗುತ್ತಿದ್ದ. ಅವಳ ಚೀಲ ಹಿಡಿಯುತ್ತಿದ್ದ, ತಪ್ಪು ಊಹೆಗಳನ್ನೆಲ್ಲ ಮುಂಚೆಯೇ ಹೇಳಿ ಮುಗಿಸುತ್ತಿದ್ದ.

ಆ ಬೆಳಿಗ್ಗೆ ಮಾತ್ರ ಅವನು ಚೀಲವನ್ನೂ ಮರೆತು ಅವಳಿಗಿಂತ ಮೊದಲೇ ಮ್ಯೂಸಿಯಂಗೆ ಓಡಿದ.

ಮದುಮಗ ಎಂದರೆ ಮಣ್ಣಿನಲ್ಲಿ ಮಾಡಿ ಸುಟ್ಟ, ತಲೆಯಿಂದ ಎದೆಯವರೆಗಿನ ಒಬ್ಬ ಯುವಕ. ಚಿಗುರು ಮೀಸೆ, ತುಟಿಯ ಅಂಚಿನಲ್ಲಿ ನಗು. ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳಿಗೆ ಹಿಡಿ ಅಂಟಿಸುತ್ತಿದ್ದ ಹೆರ್ಟಾ, ರೀಗಾದಲ್ಲಿ ಶಿಲ್ಪ ಕಲಿತು, ಇಪ್ಪತ್ತೈದನೇ ವಯಸ್ಸಿನಲ್ಲಿ ಅದನ್ನು ಮಾಡಿದ್ದಳು. ಹೆಸರು ಬಂದದ್ದು ಅದರಿಂದಲೇ. ಆಮೇಲೆ ಎಷ್ಟೋ ಊರುಗಳ ಕಾರಂಜಿ, ಶಾಲೆಗಳ ಗೋಡೆ, ಈ ಊರಿನದೇ ಬಸ್ ನಿಲ್ದಾಣದ ಗೋಡೆ ಅವಳ ಕೈಯಲ್ಲಿ ಅರಳಿದವು. ಊರಿನವರಿಗೆ ಮಾತ್ರ ಬೇಕಾಗಿದ್ದದ್ದು ಒಂದೇ: ಈ ಮದುಮಗ ಯಾರು?

"ನಾನೇ" ಎನ್ನುತ್ತಿದ್ದ ಕ್ಷೌರಿಕ ಟಿಯೊಡೋರ್ಸ್. ಪ್ರತಿಮೆಯ ಬಲಹುಬ್ಬಿನಲ್ಲಿ ಒಂದು ಸೀಳು ಇತ್ತು. ಸೈಕಲ್ಲಿನಿಂದ ಬಿದ್ದ ಅವನ ಬಲಹುಬ್ಬಿನಲ್ಲೂ ಇತ್ತು. "ಹುಬ್ಬು ಬಿಡ್ರೋ, ಗಲ್ಲ ನೋಡಿ" ಎನ್ನುತ್ತಿದ್ದ ಜೇನು ಸಾಕುವ ಆಲ್ಫೋನ್ಸ್. ಐವತ್ತು ವರ್ಷ ಒಬ್ಬ ಹೆರ್ಟಾಳ ಕೂದಲನ್ನು ಪುಕ್ಕಟೆ ಕತ್ತರಿಸಿದ್ದ, ಇನ್ನೊಬ್ಬ ಪ್ರತಿ ವರ್ಷವೂ ಜೇನು ಕೊಟ್ಟಿದ್ದ. ಹೆರ್ಟಾ ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಮೂರನೆಯವನೊಬ್ಬನಿದ್ದ, ಇಂಡುಲಿಸ್. ಒಂದು ಶನಿವಾರ ಅವನನ್ನು ಕೂರಿಸಿಕೊಂಡು ಹೆರ್ಟಾ ಚಿತ್ರ ಬರೆದಿದ್ದಳು. ಮದುಮಗ ತಾನೇ ಎಂದು ಅವನು ಐವತ್ತು ವರ್ಷದಿಂದ ಒಳಗೊಳಗೇ ನಂಬಿದ್ದ.

ಹೋದ ತಿಂಗಳು, ಹುಟ್ಟುಹಬ್ಬದ ಪ್ರದರ್ಶನಕ್ಕೆಂದು ಪ್ರತಿಮೆಯ ಅಳತೆ ತೆಗೆಯಲು ಹೆರ್ಟಾಳ ಮನೆಗೆ ಹೋಗಿದ್ದ ಡಾಗ್ನಿಯಾ ಅದರ ಟೊಳ್ಳಿನೊಳಗೆ ಕೈ ಹಾಕಿದಾಗ ಏನೋ ಅಕ್ಷರ ಕೊರೆದದ್ದು ಬೆರಳಿಗೆ ತಗುಲಿತ್ತು. 'ಪ್ರದರ್ಶನದ ದಿನ ಎಲ್ಲರೆದುರು ಮಗುಚಿ ಓದುತ್ತೇವೆ' ಎಂದು ಅವಳು ಊರಿನ ಪತ್ರಿಕೆಯಲ್ಲಿ ಹಾಕಿಸಿಬಿಟ್ಟಿದ್ದಳು.

"ಯಾರ ಹೆಸರಿಲ್ಲವೋ ಅವನೇ ಒಡೆದಿರ್ತಾನೆ" ಎಂದ ಇಂಡುಲಿಸ್, ಚೂರುಗಳ ಮುಂದೆ ಕುಕ್ಕರಿಸಿ.

"ಹೆಸರು ಯಾರದು ಅಂತ ಓದದೇ ಅವನಿಗೆ ಹೇಗೆ ಗೊತ್ತಾಗತ್ತೆ ಮೇಷ್ಟ್ರೇ?" ಎಂದಳು ಒತೀಲಿಯಾ.

ಮ್ಯೂಸಿಯಂನ ಬೀಗ ಸರಿಯಾಗಿತ್ತು. ಕಿಟಕಿಯ ಹೊರಗಿನ ಕೆಸರಲ್ಲಿ ಎರಡು ಜೊತೆ ಬೂಟಿನ ಗುರುತು. "ಟಿಯೊಡೋರ್ಸ್, ಆಲ್ಫೋನ್ಸ್ ಇಬ್ರೂ ನಿನ್ನೆ ಇಣುಕಿ ನೋಡ್ತಿದ್ರು, ನಾನೇ ಓಡಿಸಿದೆ" ಎಂದು ಡಾಗ್ನಿಯಾ ಮೂಗೊರೆಸಿಕೊಂಡಳು. "ಪಾಪ, ಆಮೇಲೆ ಸಂಜೆ ಹೆರ್ಟಾ ಅಮ್ಮ ಒಬ್ಬರೇ ಅದನ್ನ ಕೈಗಾಡೀಲಿ ತಳ್ಳಿಕೊಂಡು ಬಂದ್ರು, ಬಟ್ಟೆ ಮುಚ್ಚಿ. ನಾಳೆವರೆಗೂ ಯಾರೂ ನೋಡಬಾರದು ಅಂತ ನನ್ನನ್ನೂ ಹೊರಗೆ ಕಳಿಸಿ ತಾವೇ ಜೋಡಿಸಿದ್ರು. ಅವರು ಹೋದ ಮೇಲೆ ಒಳಗೆ ನೋಡದೇ ಬೀಗ ಹಾಕಿದೆ."

"ಚೂರುಗಳ ಒಳಗಡೆ ಅಕ್ಷರ ಇದೆಯಾ?"

"ಒಂದೂ ಇಲ್ಲಮ್ಮ. ಅದನ್ನೇ ಎತ್ತಿಕೊಂಡು ಹೋಗಿದಾರೆ ಕಳ್ಳರು."

ಡಾಗ್ನಿಯಾ ಚಹಾ ತಂದಳು. ಇಂಡುಲಿಸ್ ಸಂಕಟದಲ್ಲೇ ತಟ್ಟೆಗೆ ಕೈ ಹಾಕಿ, ರೈ ರೊಟ್ಟಿಯ ಒಣ ತುಂಡೊಂದನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟ. ಹಲ್ಲಿನಡಿ ಕರಕರ ಎಂದಿತು.

"ಮೇಷ್ಟ್ರೇ, ನೀವು ತಿಂದದ್ದು ಮದುಮಗನ ಕಿವಿ" ಎಂದಳು ಒತೀಲಿಯಾ.

ಚೂರುಗಳನ್ನು ಗುಡ್ಡೆ ಹಾಕಿದ್ದ ತಟ್ಟೆಯೂ ಮೇಜಿನ ಮೇಲೇ ಇತ್ತು. ಇಂಡುಲಿಸ್ ಉಗುಳಲು ಓಡಿದ. ಒತೀಲಿಯಾ ಮಾತ್ರ ಅವನ ಲೋಟದೊಳಗೇ ನೋಡುತ್ತ ಕೂತಳು. ಅದ್ದಿದ ಚೂರಿನಿಂದ ಮಣ್ಣು ಕರಗಿ ಬಿದ್ದು, ಚಹಾ ರಾಡಿಯಾಗಿತ್ತು.

ಹೆರ್ಟಾಳ ಮನೆಯಲ್ಲಿ ಶೋಕದ ಸುಳಿವೇ ಇರಲಿಲ್ಲ. ಅವಳು ಸೋಂಪು ಹಾಕಿದ ಗಿಣ್ಣನ್ನು ದಪ್ಪಗೆ ಕೊಯ್ದು ತಿನ್ನುತ್ತಿದ್ದಳು. "ಒಡೀತಾ? ಹೋಗ್ಲಿ ಬಿಡಿ. ಮೂಗು ಮೊದಲಿಂದಲೂ ಸರಿಯಿರಲಿಲ್ಲ" ಎಂದು ಎಡಹುಬ್ಬಿನ ಹಳೆಯ ಗಾಯದ ಗುರುತನ್ನು ಕೆರೆದುಕೊಂಡಳು. ಮನೆಯೆಲ್ಲ ಉಪ್ಪು ಹಚ್ಚಿದ ಎಲೆಕೋಸಿನ ವಾಸನೆ. ಪೀಪಾಯಿಯಲ್ಲಿ ಕೋಸನ್ನು ಅದುಮಿಡಲು ಅವಳು ಪ್ರತಿವರ್ಷ ಬಳಸುವ ಎರಡು ಗುಂಡುಕಲ್ಲು ಬಾಗಿಲಿಗೆ ಆನಿಕೊಂಡಿದ್ದವು. ಹಿತ್ತಿಲ ಕೋಣೆಯಲ್ಲಿ ಮಣ್ಣು ಸುಡುವ ಒಲೆಯೊಳಗೆ ಬೆಕ್ಕು ಮರಿ ಹಾಕಿಕೊಂಡಿತ್ತು.

"ಒಲೆ ಹಚ್ಚಲ್ವಾ?" ಎಂದಳು ಒತೀಲಿಯಾ.

"ಬೇಸಿಗೆಯ ಯಾನಿ ಹಬ್ಬದ ಹೊತ್ತಿಗೇ ಕೆಟ್ಟುಹೋಯ್ತು. ರಿಪೇರಿಯವನು ಇವತ್ತು ಬರ್ತೀನಿ ನಾಳೆ ಬರ್ತೀನಿ ಅಂತಾನೆ."

ಒತೀಲಿಯಾ ಹೊರಗೆ ಬಂದವಳೇ, "ಮೂರು ಗಂಟೆಗೆ ಎಲ್ಲರನ್ನೂ ಇವಳ ಅಡುಗೆಮನೆಗೆ ಕರೆಸಿ. ಟಿಯೊಡೋರ್ಸ್ ಕತ್ತರಿ ತರೋದು ಬೇಡ" ಎಂದಳು.

ಮೂರಕ್ಕೆ ಎಲ್ಲರೂ ಸೇರಿದರು. ಆಲ್ಫೋನ್ಸ್ ಹುಟ್ಟುಹಬ್ಬದ ಜೇನಿನ ಜಾಡಿ ತೊಡೆಯ ಮೇಲಿಟ್ಟುಕೊಂಡಿದ್ದ.

"ಒಡೆದವನು ಇವನೇ" ಎಂದ ಟಿಯೊಡೋರ್ಸ್.

"ಮುಚ್ಚೋ ಬಾಯಿ, ಕತ್ತರಿ! ಹೆಸರು ನಂದೇ ಇರುವಾಗ ನಾನ್ಯಾಕೆ ಒಡೀಲಿ?"

"ಇಬ್ಬರೂ ಅಲ್ಲ" ಎಂದಳು ಒತೀಲಿಯಾ. "ಮದುಮಗ ಒಡೆದೇ ಇಲ್ಲ. ಸುಟ್ಟ ಮಣ್ಣನ್ನು ನೂರು ವರ್ಷ ನೀರಲ್ಲಿಟ್ಟರೂ ಕರಗಲ್ಲ. ಮೇಷ್ಟ್ರ ಚಹಾದಲ್ಲಿ ಬಿದ್ದದ್ದು ಗಳಿಗೆಯಲ್ಲಿ ಕರಗಿತು. ಅಂದ್ರೆ ನೆಲದ ಮೇಲಿದ್ದದ್ದು ಹಸಿಮಣ್ಣನ್ನು ಒಣಗಿಸಿ ಬಣ್ಣ ಬಳಿದ ನಕಲು. ಅದಕ್ಕೇ ಒಳಗೆ ಅಕ್ಷರ ಇರಲಿಲ್ಲ. ನಕಲು ಮಾಡಿದವರು ಯಾಕೆ ಸುಡಲಿಲ್ಲ? ಅವರ ಒಲೆ ಕೆಟ್ಟಿತ್ತು. ಈ ಊರಲ್ಲಿ ಅಂಥ ಕೈಯೂ, ಕೆಟ್ಟ ಒಲೆಯೂ ಎರಡೂ ಇರೋದು ಒಬ್ಬರಿಗೇ."

ಎಲ್ಲರೂ ಹೆರ್ಟಾಳ ಕಡೆ ತಿರುಗಿದರು. ಅವಳು ಗಿಣ್ಣು ಅಗಿಯುವುದನ್ನು ನಿಲ್ಲಿಸಿದಳು.

"ಮನೇಲೇ ಒಡೆದು, ಗಾಡೀಲಿ ಬಟ್ಟೆ ಮುಚ್ಚಿ ತಂದು, ಡಾಗ್ನಿಯಾಳನ್ನು ಹೊರಗೆ ಕಳಿಸಿ ಚೂರುಗಳನ್ನು ನೆಲದ ಮೇಲೆ ಹರಡಿದಳು. ಸದ್ದೂ ಇಲ್ಲ, ಬೀಗವೂ ಮುರೀಲಿಲ್ಲ. ಅಸಲಿ ಎಲ್ಲಿದೆ? ಗುಂಡುಕಲ್ಲು ಬಾಗಿಲಲ್ಲಿದ್ರೆ ಕೋಸಿನ ಮೇಲೆ ಭಾರ ಏನಿದೆ?"

ಡಾಗ್ನಿಯಾ ನೆಲಮಾಳಿಗೆಗೆ ಓಡಿದಳು. ಕೆಳಗಿನಿಂದ ಕಿರುಚಿದಳು. ಪೀಪಾಯಿಯೊಳಗೆ ಎದೆಮಟ್ಟ ಉಪ್ಪುನೀರಿನಲ್ಲಿ, ತಲೆ ಮೇಲೆ ಒಂದು ಕೋಸಿನ ಎಲೆ ಹೊತ್ತು, ಮದುಮಗ ನಗುತ್ತಿದ್ದ.

ಗಂಡಸರು ಮೂವರೂ ಸೇರಿ ಅವನನ್ನು ಎತ್ತಿ ತಂದು ಮಗುಚಿದರು. ಡಾಗ್ನಿಯಾ ದೀಪ ಹಿಡಿದು ಓದಿದಳು: "'ಹೆರ್ಟಾ. ಕನ್ನಡಿ ನೋಡಿಕೊಂಡು ಮಾಡಿದ್ದು. ಮೀಸೆ ಸುಳ್ಳು.'"

ಗಂಡಸರು ಮೂವರೂ ಬಗ್ಗಿ ಮತ್ತೊಮ್ಮೆ ಓದಿಕೊಂಡರು.

"ಅದು ಬೆಳಿಗ್ಗೆಯೇ ನನಗೆ ಹೊಳೀತು" ಎಂದಳು ಒತೀಲಿಯಾ. "ಅವಳ ಸೀಳು ಎಡಹುಬ್ಬಿನಲ್ಲಿ, ಪ್ರತಿಮೆದು ಬಲಹುಬ್ಬಿನಲ್ಲಿ. ಕನ್ನಡಿಯಲ್ಲಿ ಕಂಡದ್ದನ್ನು ಕಂಡ ಹಾಗೇ ಮಾಡಿದ್ರೆ ಹಾಗೇ ಆಗೋದು."

"ಮಾದರಿಯಾಗಿ ಕೂತುಕೊಳ್ಳೋರಿಗೆ ಕೊಡೋಕೆ ನನ್ನ ಹತ್ರ ದುಡ್ಡೆಲ್ಲಿತ್ತು? ಒಂದು ಕನ್ನಡಿ ಇತ್ತು" ಎಂದಳು ಹೆರ್ಟಾ. ದನಿ ಸಣ್ಣಗಾಗಿತ್ತು. "ಆಮೇಲೆ ನೀವಿಬ್ರೂ ನಾನು ನಾನು ಅಂತ ಶುರು ಮಾಡಿದ್ರಿ. ಆ ಮಾತು ಬಂದಾಗ ನಿಮ್ಮ ಮುಖ ಇಪ್ಪತ್ತು ವರ್ಷ ಚಿಕ್ಕದಾಗ್ತಿತ್ತು ಕಣ್ರೋ. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಇವತ್ತು ಊರೆಲ್ಲ ಸೇರಿ ನಿಮ್ಮನ್ನ ನೋಡಿ ನಗೋದು ನನಗೆ ಬೇಡವಾಗಿತ್ತು."

ಟಿಯೊಡೋರ್ಸ್ ಎದ್ದು ಹೋಗಿ ಅವಳ ಎಡಹುಬ್ಬನ್ನು ಹೆಬ್ಬೆರಳಿನಿಂದ ಮುಟ್ಟಿದ. "ಐವತ್ತು ವರ್ಷ ಈ ತಲೆ ಕತ್ತರಿಸಿದೀನಿ. ಬರೀ ಕೂದಲು ನೋಡಿದೆ ನಾನು, ದಡ್ಡ."

"ಗಲ್ಲ ಮಾತ್ರ ನಂದೇ" ಎಂದು ಗೊಣಗಿದ ಆಲ್ಫೋನ್ಸ್, ಜೇನಿನ ಜಾಡಿಯನ್ನು ಅವಳ ಮುಂದೆ ತಳ್ಳಿದ.

ಇಂಡುಲಿಸನ ಬಾಯಿಂದ ಅವನಿಗೇ ಗೊತ್ತಿಲ್ಲದೆ ಮಾತು ಬಿತ್ತು. "ಮತ್ತೆ ಆ ಶನಿವಾರ ನನ್ನನ್ನ ಕೂರಿಸಿ ಬರೆದದ್ದು?"

ಎಲ್ಲರೂ ಅವನನ್ನು ನೋಡಿದರು. ಹೆರ್ಟಾಳ ಮುಖದಲ್ಲಿ ನಗು ಮೂಡಿತು.

"ಅಯ್ಯೋ, ಅದನ್ನು ಬಿಡ್ತೀನಾ? ಬಸ್ ನಿಲ್ದಾಣದ ಗೋಡೆ ಮೇಲಿದೀಯಲ್ಲ ನೀನು. ಆ ಕೊಕ್ಕರೆ ನೀನೇ."

ಪ್ರದರ್ಶನ ನಾಲ್ಕಕ್ಕೇ ಶುರುವಾಯಿತು. ಕೋಸಿನ ವಾಸನೆ ಹೊಡೆಯುತ್ತಿದ್ದ ಮದುಮಗನ ಸುತ್ತ ಊರೇ ನೆರೆದಿತ್ತು. ಇಂಡುಲಿಸ್ ಅಲ್ಲಿರಲಿಲ್ಲ. ಒತೀಲಿಯಾ ಅವನನ್ನು ಹುಡುಕಿಕೊಂಡು ಬಸ್ ನಿಲ್ದಾಣಕ್ಕೆ ಹೋದಳು. ಅವನು ಟೋಪಿ ಕೈಯಲ್ಲಿ ಹಿಡಿದು, ಕತ್ತೆತ್ತಿ ನಿಂತಿದ್ದ.

"ಕತ್ತು ಸ್ವಲ್ಪ ಉದ್ದವಾಯ್ತೇನೋ" ಎಂದ.

ಒತೀಲಿಯಾ ಕೊಕ್ಕರೆಯನ್ನು ನೋಡಿದಳು, ಅವನನ್ನು ನೋಡಿದಳು.

"ಇಲ್ಲ ಮೇಷ್ಟ್ರೇ" ಎಂದಳು. "ಸರಿಯಾಗಿದೆ."