ಹನ್ನೊಂದು ಸ್ವರ, ನಲವತ್ತು ದೂರು

ವಾಷಿಂಗ್ ಮಷೀನು ಬಟ್ಟೆ ಒಗೆದು ಮುಗಿಸಿದ ಮೇಲೆ ಮೂರು ಸಲ ಕಿರುಚುತ್ತಿತ್ತು. ಅಕ್ಕನ ಮನೆಯಲ್ಲಿ ಆಗತಾನೆ ಕಣ್ಣು ಮುಚ್ಚಿದ ಕೂಸು ಆ ಸದ್ದಿಗೆ ಬೆಚ್ಚಿಬಿದ್ದು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು. ತಂಗಿ ಅದೇ ಮಷೀನಿನ ಕಂಪನಿಯಲ್ಲಿ ಪ್ರೋಗ್ರಾಮರ್.

“ಸಾವಿರಾರು ಜನ ಇದೀರಲ್ಲೇ ಅಲ್ಲಿ, ಒಬ್ಬರಿಗೂ ಕಿವಿ ಇಲ್ವಾ?” ಎಂದು ಅಕ್ಕ ಕೇಳಿದಳು.

ಕಿವಿ ಇತ್ತು. ಒಂದು ಭಾನುವಾರ ತಂಗಿ ಕೂತು ಹನ್ನೊಂದು ಸ್ವರಗಳ ಪುಟ್ಟ ರಾಗವೊಂದನ್ನು ಹೆಣೆದಳು. ಎಂಟು ವರ್ಷಗಳ ನೌಕರಿಯಲ್ಲಿ ಯಾರೂ ಹೇಳದೆ, ತನ್ನ ಖುಷಿಗೆ ಬರೆದ ಮೊದಲ ಕೋಡ್ ಅದು. ಕಂಪನಿಯ ಧ್ವನಿ ಸಮಿತಿಯ ಏಳು ಜನ ಅದನ್ನು ಕೇಳಿದರು. ಇಬ್ಬರ ಕಾಲು ಮೇಜಿನಡಿ ತಾಳ ಹಾಕಿದ್ದನ್ನು ಅವಳು ಕಣ್ಣಾರೆ ಕಂಡಳು. ಆದರೂ ಬಂದ ಉತ್ತರ ಒಂದೇ ಸಾಲು: ‘ಹೊಸದನ್ನು ಗ್ರಾಹಕರು ಕೇಳಬೇಕು, ಪ್ರೋಗ್ರಾಮರುಗಳು ಸೂಚಿಸುವಂತಿಲ್ಲ.’

ಮ್ಯಾನೇಜರ್ ಸಮಾಧಾನ ಹೇಳಿದರು. “ಬೇಜಾರು ಮಾಡ್ಕೋಬೇಡಮ್ಮ, ಚೆನ್ನಾಗೇ ಇದೆ. ಅದೇ ತೊಂದರೆ. ನಿನ್ನೊಬ್ಬಳಿಗೆ ಬಿಟ್ರೆ ನಾಳೆ ಎಲ್ಲರೂ ಚೆನ್ನಾಗಿರೋದನ್ನೇ ಹಿಡ್ಕೊಂಡು ಬರ್ತಾರೆ.”

ಅಪರಾಧದ ಬೀಜ ಬಿದ್ದದ್ದು ಆಗ. ಅವಳು ಕಂಪನಿಯ ನಿಯಮಾವಳಿಯನ್ನು ತೆರೆದು ಮೊದಲಿಂದ ಕೊನೆಯವರೆಗೆ ಓದಿದಳು. ಬಹುಶಃ ಬರೆದವರೂ ಅಷ್ಟು ಓದಿರಲಿಕ್ಕಿಲ್ಲ. ಒಂದೇ ದೂರು ನಲವತ್ತು ಮನೆಗಳಿಂದ ಬಂದರೆ ಬದಲಾವಣೆ ಕಡ್ಡಾಯ, ಸಮಿತಿಯ ಒಪ್ಪಿಗೆ ಬೇಕಿಲ್ಲ. ಅದೇ ಪುಟದಲ್ಲಿ ಇನ್ನೊಂದು ನಿಯಮವಿತ್ತು: ಗ್ರಾಹಕರ ವೇಷದಲ್ಲಿ ದೂರು ಕೊಟ್ಟ ನೌಕರರು ಅವತ್ತೇ ಮನೆಗೆ. ಅವಳು ಎರಡನ್ನೂ ಎರಡೆರಡು ಸಲ ಓದಿದಳು. ನೌಕರಿ ಹೋದರೆ ಕಷ್ಟ ನಿಜ. ಆದರೆ ಆ ಹನ್ನೊಂದು ಸ್ವರಗಳು ಯಾರ ಕಿವಿಗೂ ಬೀಳದೆ ಸಾಯುವುದನ್ನು ಅವಳಿಂದ ಸಹಿಸಲಾಗಲಿಲ್ಲ.

ಅವಳು ಹೆದರಿದ್ದು ಒಬ್ಬರಿಗೆ ಮಾತ್ರ. ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜನರ ಬೈಗುಳ ಓದುತ್ತ ಕೂತಿದ್ದ ಹಿರಿಯ ಹೆಂಗಸು ಅವರು. ಇಡೀ ಕಚೇರಿಗೆ ದೊಡ್ಡಮ್ಮ. ಸುಳ್ಳು ದೂರಿನ ವಾಸನೆ ಅವರಿಗೆ ಮೂರು ಮೇಜಿನಾಚೆಯಿಂದಲೇ ಹೊಡೆಯುತ್ತದೆ ಎಂದು ಪ್ರತೀತಿ.

ಹಾಗಾಗಿ ಅವಳು ನಲವತ್ತು ದೂರು ಬರೆಯಲಿಲ್ಲ, ನಲವತ್ತು ಜನರನ್ನು ಹುಟ್ಟಿಸಿದಳು. ನಿವೃತ್ತ ಮೇಷ್ಟ್ರೊಬ್ಬರು ಪ್ರತಿ ಅಲ್ಪವಿರಾಮವನ್ನೂ ಅದರದರ ಜಾಗದಲ್ಲಿ ಕೂರಿಸಿ ರೇಗಿದರು. ಅವಳಿ ಮಕ್ಕಳ ತಾಯಿಗೆ ವಾಕ್ಯ ಮುಗಿಸಲೂ ಪುರಸೊತ್ತಿರಲಿಲ್ಲ. ಹೆಂಡತಿ ತೀರಿಕೊಂಡ ಹಲ್ಲಿನ ಡಾಕ್ಟರು, ಬಟ್ಟೆ ಒಗೆಯುವುದನ್ನು ಈಗಷ್ಟೇ ಕಲಿಯುತ್ತಿರುವುದಾಗಿ ನಾಚುತ್ತ ಬರೆದರು. ಪೈಲ್ವಾನನೊಬ್ಬ ಸದ್ದಿಗೆ ಹೆದರುವುದು ತಾನಲ್ಲ, ತನ್ನ ನಾಯಿ ಎಂದು ಎರಡೆರಡು ಸಲ ಸ್ಪಷ್ಟಪಡಿಸಿದ. ಆರು ವಾರಗಳ ಕಾಲ, ಒಂದು ದಿನ ಲೈಬ್ರರಿಯಿಂದ, ಇನ್ನೊಂದು ದಿನ ಗೆಳತಿಯ ಅಂಗಡಿಯಿಂದ, ಮತ್ತೊಂದು ದಿನ ಅಕ್ಕನ ಫೋನಿನಿಂದ ಕಂಪನಿಯ ಆನ್‌ಲೈನ್ ದೂರು ಅರ್ಜಿ ತುಂಬಿ ಕಳಿಸಿದಳು.

“ಸಿಕ್ಕಿಬಿದ್ರೆ ನನ್ನ ಹೆಸರು ಎತ್ತಬೇಡ ಕಣೇ” ಎಂದಳು ಅಕ್ಕ. ತೊಡೆಯ ಮೇಲೆ ಕೂಸು ಆಕಳಿಸುತ್ತಿತ್ತು.

“ಸಿಕ್ಕಿಬೀಳೋದಾ? ನಲವತ್ತು ಜನರಲ್ಲಿ ಇಬ್ಬರ ಬರವಣಿಗೆ ಒಂದೇ ಥರ ಇದ್ರೆ ಕೇಳು.”

“ಅಯ್ಯೋ, ಆ ಹಲ್ಲಿನ ಡಾಕ್ಟರಿಗೆ ಇನ್ನೊಂದು ಮದುವೆ ಮಾಡ್ಸೇ, ಪಾಪ.”

ನಲವತ್ತನೆಯ ದೂರು ತಲುಪಿದ ಮಧ್ಯಾಹ್ನವೇ ಮ್ಯಾನೇಜರ್ ಅವಳ ಮೇಜಿನ ಬಳಿ ಓಡಿಬಂದರು. “ಗ್ರಾಹಕರು ಗಲಾಟೆ ಎಬ್ಬಿಸಿಬಿಟ್ಟಿದಾರಮ್ಮ. ನಿನ್ನ ಹತ್ರ ಏನೋ ರಾಗ ಇತ್ತಲ್ಲ?”

“ಎಲ್ಲಿಟ್ಟಿದೀನೋ ಏನೋ ಸಾರ್” ಎಂದು ಅವಳು ತಲೆ ಕೆರೆದುಕೊಂಡಳು. ಹುಡುಕಿದಂತೆ ನಟಿಸಲು ಎರಡು ದಿನ ತೆಗೆದುಕೊಂಡಳು. ಮೂರನೆಯ ದಿನ, ಪರೀಕ್ಷೆಗೆಂದು ಕಿಟಕಿಯ ಬಳಿ ಇಟ್ಟಿದ್ದ ಮಷೀನು ಒಗೆತ ಮುಗಿಸಿ, ಒಂದು ಕ್ಷಣ ಸುಮ್ಮನಿದ್ದು, ಹಾಡಿತು. ಟೀ ಲೋಟ ಹಿಡಿದವರು ಹಿಡಿದಲ್ಲೇ ನಿಂತರು. ಯಾರೋ “ಇನ್ನೊಂದ್ಸಲ ಹಾಕ್ರೋ” ಎಂದರು. ಸುಮ್ಮನೆ ಹಾಡು ಕೇಳಲಿಕ್ಕೆಂದು ಒಬ್ಬ ತನ್ನ ಕರವಸ್ತ್ರವೊಂದನ್ನೇ ಮಷೀನಿಗೆ ಹಾಕಿದ. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಆಗಲೇ ದೊಡ್ಡಮ್ಮ ಒಂದು ಕಟ್ಟು ಕಾಗದ ಎದೆಗವಚಿಕೊಂಡು ಬಂದು ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. “ಮೇಷ್ಟ್ರು ಚೆನ್ನಾಗಿದ್ರು. ಪೈಲ್ವಾನನ ಕಾಗದ ಮನೇಲೂ ಓದಿ ನಕ್ಕೆ. ಡಾಕ್ಟರ ವಿಷಯಕ್ಕೆ ಅತ್ತೂಬಿಟ್ಟೆ ಕಣಮ್ಮ” ಎಂದರು. ಅವಳು ಯಾರ ಬಗ್ಗೆ ಹೇಳುತ್ತಿದ್ದೀರಿ ಎಂಬಂತೆ ಹುಬ್ಬೇರಿಸಿದಳು. ದೊಡ್ಡಮ್ಮ ಕಟ್ಟು ಬಿಡಿಸಿ, ಅರ್ಜಿಯ ಕಟ್ಟಕಡೆಯ ಚೌಕದ ಮೇಲೆ ಬೆರಳಿಟ್ಟರು: ‘ಮಷೀನಿನ ಸಾಫ್ಟ್‌ವೇರ್ ಆವೃತ್ತಿ’. “ಇಪ್ಪತ್ತೆರಡು ವರ್ಷದಲ್ಲಿ ಇದನ್ನ ತುಂಬಿದ ಗ್ರಾಹಕರು ಒಬ್ಬರೂ ಇಲ್ಲ. ಹಾಗಂದ್ರೆ ಏನು ಅಂತಾನೇ ಅವರಿಗೆ ಗೊತ್ತಿರಲ್ಲ. ಈ ನಲವತ್ತು ಜನ ಮಾತ್ರ ಒಬ್ಬರೂ ಬಿಡದೆ ತುಂಬಿದಾರೆ.” ಅವಳು ಬಗ್ಗಿ ನೋಡಿದಳು. ಮೇಷ್ಟ್ರು, ಅವಳಿ ಮಕ್ಕಳ ತಾಯಿ, ಡಾಕ್ಟರು, ಪೈಲ್ವಾನ, ಎಲ್ಲರದ್ದೂ 7.4.2. ತಾನು ದಿನಕ್ಕೆ ಐವತ್ತು ಸಲ ಬರೆಯುವ ಆ ಅಂಕಿಯನ್ನು ಬೆರಳುಗಳು ಅವಳನ್ನು ಕೇಳದೆಯೇ ಬರೆದುಬಿಟ್ಟಿದ್ದವು. “ತಪ್ಪಿಲ್ಲದ ನಂಬರೇ” ಎಂದು ದೊಡ್ಡಮ್ಮ ಮೆಚ್ಚುಗೆಯಿಂದ ತಲೆದೂಗಿದರು. “ಆದ್ರೆ ಅದು ಅಂಗಡಿಗೆ ಹೋಗೋದು ಮುಂದಿನ ತಿಂಗಳು. ಸದ್ಯಕ್ಕೆ ಆ ನಂಬರಿನ ಮಷೀನು ಇಡೀ ಪ್ರಪಂಚದಲ್ಲಿ ಇರೋದು ಒಂದೇ.” ಇಬ್ಬರೂ ಕಿಟಕಿಯ ಕಡೆ ತಿರುಗಿದರು. ಕರವಸ್ತ್ರ ಒಗೆದು ಮುಗಿಸಿದ ಮಷೀನು, ಹನ್ನೊಂದರಲ್ಲಿ ಒಂದು ಸ್ವರವನ್ನೂ ತಪ್ಪಿಸದೆ, ಹಾಡತೊಡಗಿತು.