ಅಕ್ಕಿಕಾಳಿನ ಹೊತ್ತಿಗೆ ತಪ್ಪಿದ ಹಾಡು

“ಇದೇನ್ರಿ, ಹಾಡುಗಳನ್ನ ಹಿಂಗ ಇಟ್ಟೀರಿ?”

ಲಕ್ಷ್ಮಿಕಾಂತ ನನಗೆ ಆಡಿದ ಮೊದಲ ಮಾತು ಇದು. ನಮಸ್ಕಾರ ಇಲ್ಲ, ಹೆಸರು ಕೇಳಿದ್ದಿಲ್ಲ. ವಾಡಿಯ ನಮ್ಮ ಮೈಕ್ ಸೆಟ್ ಅಂಗಡಿಗೆ ಸ್ಪೀಕರ್ ಬಾಡಿಗೆ ಕೇಳಲು ಬಂದವನು, ನನ್ನ ಲ್ಯಾಪ್‌ಟಾಪಿನೊಳಗೆ ಇಣುಕಿ, ಸತ್ತ ಇಲಿ ಕಂಡವನ ಹಾಗೆ ಮುಖ ಮಾಡಿದ. ಶಹಾಬಾದದಲ್ಲಿ ಕಂಪ್ಯೂಟರ್ ಕಲಿಸುತ್ತಾನಂತೆ. ಜೇಬಿನಲ್ಲಿ ಎರಡು ಪೆನ್ನು, ಎರಡೂ ಎಲ್ಲರಿಗೂ ಕಾಣುವ ಹಾಗೆ.

“ಹೆಂಗ ಇಟ್ಟೀನ್ರಿ?” ಅಂದೆ.

“‘ಬೀಗರು ಬಂದಾಗ’, ‘ಊಟದ ಹೊತ್ತಿಗೆ’, ‘ಅಕ್ಕಿಕಾಳು’, ‘ಹುಡುಗಿ ಕಳಸುವಾಗ’... ಇವು ಫೋಲ್ಡರ್ ಹೆಸರೇನ್ರಿ? ಹಾಡಿದವರು ಯಾರು, ಆಲ್ಬಮ್ ಯಾವುದು, ಯಾವ ವರ್ಷ, ಏನೂ ಇಲ್ಲ!”

“ಮದುವಿ ಮನ್ಯಾಗ ವರ್ಷ ಯಾರು ಕೇಳ್ತಾರ್ರಿ?”

ಅವನು ನಕ್ಕ. ಪಾಪ, ಇವಳಿಗೇನು ಗೊತ್ತು ಅನ್ನುವ ನಗು. ನಾನೂ ಬಿ.ಕಾಂ. ಮುಗಿಸಿದವಳೇ. ಆ ನಗುವಿಗೆ ಎರಡು ಬಿಗಿಯಬೇಕು ಅನ್ನಿಸಿತು, ಇನ್ನೊಮ್ಮೆ ನಗಲಿ ಅಂತಲೂ ಅನ್ನಿಸಿತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಮೇಲೆ ಅವನು ಬರುತ್ತಲೇ ಇದ್ದ. ಒಂದು ದಿನ ವೈರ್ ಬೇಕು, ಇನ್ನೊಂದು ದಿನ ವೈರ್ ಬೇಡ. ಬಂದಾಗಲೆಲ್ಲ ಅದೇ ಪುರಾಣ. ಅವನ ಹತ್ತಿರ ಒಂದು ಸಾಫ್ಟ್‌ವೇರ್ ಇದೆ, ಅದು ಹಾಡಿನ ಫೈಲಿನೊಳಗಿನ ವಿವರ ಓದಿ, ಗಾಯಕರ ಪ್ರಕಾರ ತಾನೇ ಜೋಡಿಸುತ್ತದೆ, ಹಳೆಯ ಹೆಸರು ತೆಗೆದು ಹೊಸದು ಇಡುತ್ತದೆ. ಹೆಂಡತಿಯನ್ನು ಹೊಗಳಿದ ಹಾಗೆ ಹೊಗಳುತ್ತಿದ್ದ. ನಾನು ಚಹಾ ಕೊಟ್ಟರೆ ಕಪ್ಪಿನ ಕಡೆ ನೋಡುತ್ತಿರಲಿಲ್ಲ, ನನ್ನನ್ನು ನೋಡಿ, ಸಿಕ್ಕಿಬಿದ್ದು, ಬಿಸಿ ಚಹಾ ಒಂದೇ ಗುಟುಕಿಗೆ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ಪ್ರತಿ ಸಲ. ಇಂಥವನನ್ನು ಬಿಟ್ಟು ಬೇರೆ ಯಾರೂ ಸಿಗಲಿಲ್ಲವೇ ನನ್ನ ಮನಸ್ಸಿಗೆ?

ಅಪ್ಪ ನರಸಪ್ಪ ಆ ವರ್ಷ ಸೆಟ್ ನನ್ನ ಕೈಗೆ ಕೊಟ್ಟಿದ್ದ, ಒಂದು ಷರತ್ತಿನ ಮೇಲೆ. “ಈ ಸೀಸನ್ ಮುಗಿಯೋತನ ಒಂದ್ ಮಾತ್ ಬರಬಾರ್ದು ನೋಡವಾ. ಬಂತಂದ್ರ ಸೆಟ್ ಬೀರಲಿಂಗಗ ಕೊಟ್ಟುಬಿಡ್ತೀನಿ.” ಬೀರಲಿಂಗ ದೊಡ್ಡಪ್ಪನ ಮಗ. ವಾಲ್ಯೂಮ್ ಹೆಚ್ಚಿಸುವುದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಬರುವುದಿಲ್ಲ. ಆ ಸೆಟ್ ಹೋದರೆ ನನಗೆ ಉಳಿಯುವುದು ಒಲೆ ಮುಂದಿನ ಮಣೆ.

ಇಷ್ಟು ಗೊತ್ತಿದ್ದೂ ಚಿತ್ತಾಪುರದ ಮದುವೆಯ ಹಿಂದಿನ ದಿನ ಲ್ಯಾಪ್‌ಟಾಪ್ ಲಕ್ಷ್ಮಿಕಾಂತನ ಕೈಗೆ ಕೊಟ್ಟೆ. ಸಂಜೆ ತಂದುಕೊಟ್ಟು, “ಎಲ್ಲಾ ಚಂದ ಮಾಡೀನ್ರಿ” ಅಂದ. ತೆರೆದು ನೋಡಲಿಲ್ಲ. ಅವನು ಅಷ್ಟು ಖುಷಿಯಾಗಿದ್ದ. ಪ್ರೀತಿ ತಲೆಗೇರಿದರೆ ಇಷ್ಟೇ ಬುದ್ಧಿ ಉಳಿಯುವುದು.

ಮರುದಿನ ಮಂಟಪದಲ್ಲಿ ಎಲ್ಲರ ಮುಷ್ಟಿಯಲ್ಲೂ ಅಕ್ಷತೆಯ ಅಕ್ಕಿಕಾಳು. ಸ್ವಾಮಿಗಳು ಕೈ ಎತ್ತಿದರು. ನಾನು ನೋಡಿದರೆ ನನ್ನ ಫೋಲ್ಡರ್ ಒಂದೂ ಇಲ್ಲ! ನಮ್ಮ ಶಹನಾಯಿಗಳಿಗೆ, ಊರಿನ ಹೆಣ್ಣುಮಕ್ಕಳ ಹಾಡುಗಳಿಗೆ ಗಾಯಕರ ಹೆಸರೆಲ್ಲಿಂದ ಬರಬೇಕು? ಎಲ್ಲವನ್ನೂ ‘ಅನ್‌ನೋನ್ ಆರ್ಟಿಸ್ಟ್’ ಅಂತ ಒಂದೇ ದೊಡ್ಡಿಗೆ ಹೊಡೆದಿತ್ತು ಆ ಸಾಫ್ಟ್‌ವೇರ್. ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು. ದೇವರ ಹೆಸರು ಹೇಳಿ ಒಂದನ್ನು ಒತ್ತಿದೆ.

ಶಹನಾಯಿ ಬಂತು. ಉಸಿರು ಬಿಟ್ಟೆ. ಅಷ್ಟರಲ್ಲಿ ಶಹನಾಯಿ ನಿಂತು, ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಿಯ ಅಳುವ ಹಾಡು ಸ್ಪೀಕರ್ ತುಂಬ ಹರಿಯಿತು. ಇನ್ನೂ ತಾಳಿಯೇ ಕಟ್ಟಿಲ್ಲ, ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟು ಅಳತೊಡಗಿದಳು. ಎತ್ತಿದ ಕೈಗಳು ಎತ್ತಿದಂತೆಯೇ ನಿಂತವು.

ಹಾಡು ನಿಲ್ಲಿಸಿದೆ. ತನ್ನ ಕೆಲಸದ ಚಂದ ನೋಡಲು ಶಹಾಬಾದದಿಂದ ಬಂದು ಹಿಂದೆ ನಿಂತಿದ್ದ ಮಹಾಶಯ ಮೈಕ್ ಕಸಿದುಕೊಂಡ.

“ತಪ್ಪು ನಂದ್ರಿ! ದೇವಿಕಾ ಅವರದು ಏನೂ ಇಲ್ರಿ! ಅವರು ಭಾಳ... ಭಾಳ ಚಲೋ ಅದಾರ್ರಿ!”

ಎಂಟು ಸ್ಪೀಕರಿನಲ್ಲಿ ನನ್ನ ಹೆಸರು ಇಡೀ ಓಣಿಗೆ ಕೇಳಿತು. ಇದಕ್ಕಿಂತ ಆ ಅಳುವ ಹಾಡೇ ವಾಸಿಯಿತ್ತು.

ಮುಂದಿನ ಸಾಲಿನಿಂದ ಮದುಮಗನ ಅಜ್ಜಿ ಮಹಾದೇವಮ್ಮ ಕೇಳಿದಳು, “ಯವ್ವಾ, ಅಂವ ನಿನಗ ಏನಾಗಬೇಕು?”

ಅಪ್ಪ ಜನರೇಟರ್ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದ. ಯಾರೋ ದಾರಿಹೋಕ ಅನ್ನಬಹುದಿತ್ತು. ಎರಡು ಪೆನ್ನಿನ ಪಂಡಿತನ ಮುಖ ನೋಡಿದೆ, ಬಿಳಿಚಿಕೊಂಡಿತ್ತು. ಅನ್ನಲಾಗಲಿಲ್ಲ. ಮೈಕ್ ಇನ್ನೂ ಅವನ ಕೈಯಲ್ಲೇ, ಆನ್ ಆಗಿಯೇ ಇದೆ ಅನ್ನುವುದೂ ಹೊಳೆಯಲಿಲ್ಲ.

“ಬುದ್ಧಿ ಇಲ್ಲದಾಂವ ರೀ ಅಜ್ಜಿ,” ಅಂದೆ. “ಆದ್ರ ಲಗ್ನ ಅಂತ ಆದ್ರ ನಾ ಇವನ್ನೇ ಆಗಾಕಿ.”

ಅದೂ ಎಂಟು ಸ್ಪೀಕರಿನಲ್ಲಿ ಕೇಳಿತು. ಮೊದಲು ನಕ್ಕವಳು ಅಳುತ್ತಿದ್ದ ತಾಯಿ. ಆಮೇಲೆ ಮಂಟಪವೇ ನಕ್ಕಿತು. ನಾನು ತಲೆ ಎತ್ತದೆ ಒಂದೊಂದೇ ಟ್ರ್ಯಾಕ್ ಹೆಡ್‌ಫೋನಿನಲ್ಲಿ ಕೇಳಿ ಹುಡುಕಿ ನಿಜವಾದ ಶಹನಾಯಿ ಹಚ್ಚಿದೆ. ಅಕ್ಕಿಕಾಳು ಬಿದ್ದವು.

ಊಟದ ಹೊತ್ತಿಗೆ ಅಪ್ಪ ಬಂದ. ಲಕ್ಷ್ಮಿಕಾಂತನನ್ನು ಅಡಿಯಿಂದ ಮುಡಿಯವರೆಗೆ, ಸುಟ್ಟ ಆಂಪ್ಲಿಫೈಯರ್ ನೋಡಿದ ಹಾಗೆ ನೋಡಿದ.

“ಮಾತ್ ಬರಲಿಲ್ಲ, ನಗು ಬಂತು,” ಅಂದ ಅಪ್ಪ ನನಗೆ. “ಸೆಟ್ ನಿನ್ನ ಹತ್ರನೇ ಇರ್ಲಿ. ಆದ್ರ ಇವನ ಕೈ ಆ ಲ್ಯಾಪ್‌ಟಾಪ್‌ಗ ಹತ್ತಬಾರ್ದು.”

“ಅದರ ಚಿಂತಿ ಬಿಡಪ್ಪಾ,” ಅಂದೆ. “ಆ ಕೈ ನಾ ಹಿಡಕೊಂಡಿರ್ತೀನಿ.”