ಬಿಳಿ ಹೆಣ್ಣುಗುದುರೆಯ ಕವಚ

ಯೂಫ್ರೆಟಿಸ್ ದಂಡೆಯ ನಮ್ಮ ಪಾಳೆಯದಲ್ಲಿ ಕುದುರೆ ಸತ್ತರೆ, ಅದರ ಕವಚದ ಕಂಚಿನ ಬಿಲ್ಲೆಗಳನ್ನು ಬಿಚ್ಚಿ, ಬೆವರು ಕುಡಿದ ಒಳಬಟ್ಟೆಯನ್ನು ಸುಟ್ಟು, ಬಿಲ್ಲೆಗಳನ್ನು ಹೊಸ ನಾರುಬಟ್ಟೆಗೆ ಹೊಲಿಯುತ್ತೇವೆ. ನನಗೆ ಅಷ್ಟು ಸಮಯವಿರಲಿಲ್ಲ. ಮರುದಿನವೇ ತಪಾಸಣೆ; ಕವಚವಿದ್ದ ಕುದುರೆಗೆ ಮಾತ್ರ ಮುಂದಿನ ಸಾಲು.

ಕವಚ ಅಣ್ಣ ಬಾಬಕ್‌ನ ಬಿಳಿ ಹೆಣ್ಣುಗುದುರೆಯದು. ಅದು ಸತ್ತ ಯುದ್ಧದಲ್ಲೇ ಅವನ ಬಲಗೈಯೂ ಹೋಗಿತ್ತು; ಅಂದಿನಿಂದ ಕವಚವನ್ನು ಬಿಚ್ಚದೆ ಹಾಗೇ ಇಟ್ಟುಕೊಂಡಿದ್ದ.

"ಒಳಬಟ್ಟೆ ಬದಲಾಯಿಸದೆ ಹಾಕ್ಬೇಡ ಕಣೋ ವರಾಜ್."

"ಹುಟ್ಟಿದಾಗಿಂದ ನಿನ್ನ ಹಳೇದನ್ನೇ ಹಾಕ್ಕೊಂಡು ಬಂದೋನು ನಾನು. ಈಗ ಇದಕ್ಕೂ ಹೊಟ್ಟೆಕಿಚ್ಚಾ ನಿಂಗೆ?"

"ಹೊಟ್ಟೆಕಿಚ್ಚು ನಂಗಲ್ಲಪ್ಪ," ಎಂದ.

ನಾನೂ ಲಾಯದ ಪಿರೂಜನೂ ಕವಚವನ್ನೆತ್ತಿ ನನ್ನ ಕೆಂಗುದುರೆಗೆ ಹೊದಿಸಿದೆವು. ಅದು ಇಬ್ಬರಿಗೆ ಸರಿಯಾದ ಹೊರೆ. ನಡುಹಗಲ ಬಿಸಿಲಲ್ಲಿ ಸುಡಬೇಕಿದ್ದ ಕಂಚು ತಣ್ಣಗಿತ್ತು. ತಿಂಗಳುಗಟ್ಟಲೆ ಒಣಗಿದ್ದ ಒಳಬಟ್ಟೆ ಬೆಚ್ಚಗೆ, ಒದ್ದೆಯಾಗಿತ್ತು. ಕುದುರೆ ಭಯದಿಂದ ಉಸಿರು ಬಿಗಿಹಿಡಿದಿದ್ದರೂ, ಪಕ್ಕೆಯ ಮೇಲಿನ ಬಿಲ್ಲೆಗಳು ಮೆಲ್ಲಗೆ ಏರಿ ಇಳಿಯುತ್ತಿದ್ದವು. ನೋಡನೋಡುತ್ತಲೇ ಅದರ ಕಾಲುಗಳು ನಡುಗಿ, ಮಂಡಿ ಮರಳಿಗೆ ತಾಗಿತು.

"ತೆಗಿ ವರಾಜಣ್ಣೋ, ಸಾಯ್ತದೆ ಇದು!" ಎಂದು ಪಿರೂಜ ಕೂಗಿದ. ಇಬ್ಬರೂ ಸೇರಿ ಎಳೆದೆವು. ಕವಚ ಅಲುಗಲಿಲ್ಲ.

ಬಾಬಕ್ ಬಂದು ಬಿಲ್ಲೆಗಳ ಮೇಲೆ ಕೈಯಾಡಿಸಿದ. "ಸಾಕು ಬಾರೇ," ಎಂದ. ಆ ಒಂದೇ ಕೈಯಿಂದ ಕವಚವನ್ನೆಳೆದು ಶಾಲಿನಂತೆ ಹೆಗಲಿಗೆ ಹಾಕಿಕೊಂಡ.

ಮರುದಿನ ನಾನು ಹಿಂದಿನ ಸಾಲಿನಲ್ಲಿ ನಿಂತೆ. ಇವತ್ತಿಗೂ ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ, ಇದಕ್ಕೆ: ಹಿಂದಿನ ದಿನ ಅವನು ಅವಳನ್ನು ಹೆಗಲ ಮೇಲೆ ಹೊತ್ತು ಲಾಯದವರೆಗೆ ನಡೆದುಹೋಗುವಾಗ, ಅಷ್ಟು ಕಂಚಿನಲ್ಲಿ ಒಂದು ಬಿಲ್ಲೆಯೂ ಸದ್ದು ಮಾಡಲಿಲ್ಲ.